ಕ್ಯಾಮೆರಾಕ್ಕೆ ಒಂದೇ ಮಸೂರ



ಫಿಲ್ಮು ಹಾಕಿ ಚಿತ್ರ ತೆಗೆಯುವ ರೇಂಜ್‌ಫೈಂಡರು ಕ್ಯಾಮೆರಾವೊಂದು ಕೈಗೆ ಬಂದಿದೆ. ಅದಕ್ಕೆ ಮಸೂರವಿನ್ನೂ ಇಲ್ಲ. ಹಣವೋ ಒಂದೇ ಮಸೂರಕ್ಕೆ ಸಾಲುವಷ್ಟಿದೆ. ಇಂಥ ಸ್ಥಿತಿಯಲ್ಲಿ ಯಾವ ಮಸೂರವನ್ನು ಕೊಳ್ಳುವುದು ಮೇಲು? ಈ ಹೊತ್ತು ನಾವು ವಿಚಾರ ಮಾಡಬೇಕೆಂದಿರುವುದು ಇಷ್ಟನ್ನೇ. ಪ್ರಶ್ನೆ ಅಲ್ಪವೆಂದು ತೋರಬಹುದು. ಆದರೆ ಒಳ್ಳೆಯ ಮಸೂರದ ಬೆಲೆ ಸಾಮಾನ್ಯ ಸಂಬಳಗಾರನ ಹಲವು ತಿಂಗಳ ಉಳಿತಾಯವನ್ನು ನುಂಗುವಂಥದು. ಅದಕ್ಕಿಂತ ಮಿಗಿಲಾಗಿ, ಮುಂದೆ ಹಲವು ವರ್ಷಗಳ ಕಾಲ ನಾವು ಮನುಷ್ಯರನ್ನು ಎಷ್ಟು ದೂರದಲ್ಲಿ ನಿಂತು ನೋಡುತ್ತೇವೆಂಬುದು ಈ ಆಯ್ಕೆಯಿಂದಲೇ ನಿಶ್ಚಯವಾಗುತ್ತದೆ. ಆದುದರಿಂದ ಸ್ವಲ್ಪ ಸಾವಧಾನವಾಗಿ ಯೋಚಿಸುವುದು ಯುಕ್ತ.

ಮೊದಲು ಈ ಯಂತ್ರದ ಪೂರ್ವಚರಿತ್ರೆಯನ್ನು ಎರಡು ಮಾತಿನಲ್ಲಿ ನೋಡೋಣ. ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದಲ್ಲಿ ಸೂಕ್ಷ್ಮದರ್ಶಕಗಳನ್ನು ತಯಾರಿಸುತ್ತಿದ್ದ ಲೈಟ್ಸ್ ಕಾರ್ಖಾನೆಯಲ್ಲಿ ಓಸ್ಕರ್ ಬಾರ್ನಾಕ್ ಎಂಬ ಕುಶಲ ಯಂತ್ರಜ್ಞನಿದ್ದನು. ಸಿನಿಮಾಕ್ಕೆ ಬಳಸುವ 35 ಮಿ.ಮೀ. ಅಗಲದ ಫಿಲ್ಮನ್ನು ಅಡ್ಡವಾಗಿ ಓಡಿಸಿ, ಸಿನಿಮಾದ ಎರಡು ಚಿತ್ರಗಳಷ್ಟು ಜಾಗದಲ್ಲಿ ಒಂದು ಚಿತ್ರವನ್ನು ಹಿಡಿಯುವ ಪುಟ್ಟ ಕ್ಯಾಮೆರಾವನ್ನು ಆತನು 1914ರ ಹೊತ್ತಿಗೆ ರಚಿಸಿದ್ದನು. ನಡುವೆ ಮಹಾಯುದ್ಧ ಅಡ್ಡ ಬಂದಿತು. ಲೈಕಾ ಎಂಬ ಹೆಸರಿನಿಂದ ಅದು ಲೈಪ್ಸಿಗ್ ನಗರದ ಮೇಳದಲ್ಲಿ ಜನರ ಕಣ್ಣಿಗೆ ಬಿದ್ದುದು 1925ರಲ್ಲಿ. ಮಾಕ್ಸ್ ಬೆರೆಕ್ ಎಂಬಾತನು ಲೆಕ್ಕ ಹಾಕಿ ರೂಪಿಸಿದ 50 ಮಿ.ಮೀ. ಮಸೂರ ಅದಕ್ಕೆ ಅಂಟಿಕೊಂಡೇ ಇತ್ತು, ಬಿಚ್ಚಿ ಬದಲಿಸುವಂತಿರಲಿಲ್ಲ. ಆದುದರಿಂದ ಆ ಕಾಲದವರಿಗೆ ನಮ್ಮ ಪ್ರಶ್ನೆಯೇ ಹುಟ್ಟಲಿಲ್ಲ. 1930ರಲ್ಲಿ ಮಸೂರವನ್ನು ಬದಲಿಸುವ ಅನುಕೂಲವೂ, 1932ರಲ್ಲಿ ಮಸೂರದೊಡನೆ ಕೂಡಿ ಚಲಿಸುವ ದೂರಮಾಪಕವೂ ಬಂದವು. ಆಯ್ಕೆಯ ಸುಖ ಬಂದಿತು. ಅದರ ಬೆನ್ನಿಗೆ ಆಯ್ಕೆಯ ಸಂಕಟವೂ ಬಂದಿತು.

ದೂರಮಾಪಕವೆಂದರೆ ಏನು? ಕ್ಯಾಮೆರಾದ ಮುಂಭಾಗದಲ್ಲಿ ಒಂದಕ್ಕೊಂದು ಸ್ವಲ್ಪ ದೂರದಲ್ಲಿ ಎರಡು ಕಿಟಕಿಗಳಿರುತ್ತವೆ. ಎರಡರಿಂದಲೂ ಬಂದ ಬಿಂಬಗಳು ಕಣ್ಣಿನ ಮುಂದೆ ಒಂದರ ಮೇಲೊಂದು ಬೀಳುತ್ತವೆ. ಮಸೂರದ ಉಂಗುರವನ್ನು ತಿರುಗಿಸುತ್ತ ಹೋದಂತೆ ಬೇರೆಬೇರೆಯಾಗಿ ಕಾಣುತ್ತಿದ್ದ ಎರಡು ಬಿಂಬಗಳು ಒಂದಾಗುತ್ತವೆ. ಒಂದಾದಾಗ ಮಸೂರವೂ ಸರಿಯಾದ ದೂರಕ್ಕೆ ನಿಂತಿರುತ್ತದೆ. ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದು ಒಂದುಂಟು. ಈ ಕ್ಯಾಮೆರಾದಲ್ಲಿ ನಾವು ಮಸೂರದ ಮೂಲಕ ನೋಡುವುದಿಲ್ಲ. ಅದರ ಪಕ್ಕದ ಕಿಟಕಿಯಿಂದ ನೋಡುತ್ತೇವೆ. ಮಸೂರವನ್ನು ಬದಲಿಸಿದರೂ ಕಿಟಕಿಯ ನೋಟ ಬದಲಾಗದು. ಅದರೊಳಗೆ ಹೊಳೆಯುವ ಚೌಕಟ್ಟಿನ ಗೆರೆ ಮಾತ್ರ ಹಿರಿದೋ ಕಿರಿದೋ ಆಗುತ್ತದೆ. ಕನ್ನಡಿಯಿರುವ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಮಸೂರವು ತಾನು ಕಂಡುದನ್ನು ತಾನೇ ತೋರಿಸುತ್ತದೆ. ಇಲ್ಲಿಯೋ, ಮಸೂರ ಏನನ್ನು ಕಾಣುತ್ತಿದೆಯೆಂಬುದನ್ನು ನಾವೇ ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು. ಈ ಕಲ್ಪನೆ ಅಭ್ಯಾಸದಿಂದ ಬರತಕ್ಕದ್ದು. ಅಭ್ಯಾಸವೋ ಒಂದನ್ನೇ ಹಿಡಿದವನಿಗೆ ಬೇಗ ಕೈಗೂಡುವುದು. ಆದುದರಿಂದ ಈ ಜಾತಿಯ ಕ್ಯಾಮೆರಾಕ್ಕೆ ಒಂದೇ ಮಸೂರವೆಂಬುದು ಬಡತನದ ಮಾತಷ್ಟೇ ಅಲ್ಲ, ಯಂತ್ರದ ಸ್ವಭಾವಕ್ಕೂ ಒಪ್ಪಿದ ಮಾತು.

ಇನ್ನು ಆಯ್ಕೆಗೆ ಬರೋಣ. ಬಹುದೂರದ ವಸ್ತುವಿನ ಬಿಂಬ ಮಸೂರದಿಂದ ಎಷ್ಟು ದೂರದಲ್ಲಿ ಸ್ಪಷ್ಟವಾಗಿ ಮೂಡುತ್ತದೆಯೋ ಅದಕ್ಕೆ ನಾಭಿದೂರವೆಂದು ಹೆಸರು. 28, 35, 50, 90 ಮಿ.ಮೀ. ಎಂದು ಅಂಗಡಿಯಲ್ಲಿ ಹೇಳುವ ಅಂಕಿಗಳು ಇವೇ. ಫಿಲ್ಮಿನ ಮೇಲಿನ ಚಿತ್ರದ ಅಳತೆ 24 ಮತ್ತು 36 ಮಿ.ಮೀ.; ಅದರ ಮೂಲೆಯಿಂದ ಮೂಲೆಗೆ ಸುಮಾರು 43. ನಾಭಿದೂರ ಈ ಕರ್ಣದಷ್ಟಿದ್ದರೆ ಅದು ಸಹಜದೃಷ್ಟಿಯ ಮಸೂರವೆಂದು ಶಾಸ್ತ್ರ ಹೇಳುತ್ತದೆ. 35 ಇದಕ್ಕೆ ಎಂಟು ಕಡಿಮೆ. 50 ಇದಕ್ಕೆ ಏಳು ಹೆಚ್ಚು. ಹೀಗಾಗಿ ಇವೆರಡರ ವ್ಯಾಜ್ಯವನ್ನು ರೇಖಾಗಣಿತ ತೀರಿಸಲಾರದು.

ಹಾಗಾದರೆ ತೀರಿಸುವವರು ಯಾರು? ನಮ್ಮ ಕಾಲುಗಳು. ಆರು ಅಡಿ ಎತ್ತರದ ಮನುಷ್ಯನೊಬ್ಬನನ್ನು ಅಡಿಯಿಂದ ಮುಡಿಯವರೆಗೆ ಚಿತ್ರದ ತುಂಬ ನಿಲ್ಲಿಸಬೇಕು, ಕ್ಯಾಮೆರಾವನ್ನು ನೆಟ್ಟಗೆ ಹಿಡಿದಿದ್ದೇವೆ ಎನ್ನೋಣ. 90ರ ಮಸೂರಕ್ಕೆ ನಾವು 15 ಅಡಿ ದೂರದಲ್ಲಿರಬೇಕು. 50ಕ್ಕೆ ಎಂಟು ಅಡಿಗಿಂತ ಸ್ವಲ್ಪ ಹೆಚ್ಚು. 35ಕ್ಕೆ ಆರು ಅಡಿ. 28ಕ್ಕೆ ಐದು ಅಡಿಯೂ ಬೇಡ. ಹದಿನೈದು ಅಡಿ ದೂರದಲ್ಲಿರುವವನು ದಾರಿಹೋಕ. ಎಂಟು ಅಡಿಯಲ್ಲಿರುವವನು ಜಗುಲಿಯ ಮೇಲೆ ಬಂದು ಕುಳಿತ ಅತಿಥಿ. ಐದಾರು ಅಡಿಯಲ್ಲಿರುವವನು ಮಾತಿಗೆ ಸೇರಿದವನು. ಅವನನ್ನು ಗಮನಿಸದೆ ಇರುವುದು ಯಾರಿಗೂ ಸಾಧ್ಯವಿಲ್ಲ.

ದೂರದಿಂದ ಇನ್ನೊಂದು ಪರಿಣಾಮವೂ ಉಂಟು. ಹತ್ತಿರದ್ದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುವ ಪ್ರಮಾಣವನ್ನು ಗೊತ್ತುಮಾಡುವುದು ಮಸೂರವೆಂದು ಹಲವರು ತಿಳಿದಿದ್ದಾರೆ. ನಿಜವಾಗಿ ಅದನ್ನು ಗೊತ್ತುಮಾಡುವುದು ನಾವು ನಿಂತ ಜಾಗ. ಒಬ್ಬನು ಆರು ಅಡಿಯಲ್ಲಿಯೂ ಮತ್ತೊಬ್ಬನು ಹನ್ನೆರಡು ಅಡಿಯಲ್ಲಿಯೂ ಇದ್ದರೆ ಮುಂದಿನವನು ಹಿಂದಿನವನ ಎರಡರಷ್ಟು ಎತ್ತರ ಕಾಣುತ್ತಾನೆ. ನಾವು ಒಂಬತ್ತು ಅಡಿ ಹಿಂದೆ ಸರಿದರೆ ಅವರಿರುವುದು ಹದಿನೈದು ಮತ್ತು ಇಪ್ಪತ್ತೊಂದು ಅಡಿಯಲ್ಲಿ. ಆಗ ಮುಂದಿನವನು ಹಿಂದಿನವನಿಗೆ ಒಂದೂ ಕಾಲಿಗಿಂತ ತುಸು ಹೆಚ್ಚು, ಒಂದೂವರೆಯಷ್ಟೂ ಇಲ್ಲ. ಹತ್ತಿರ ಬಾ ಎನ್ನುವ ಮಸೂರ ಮುಂದಿರುವವನನ್ನು ಹಿರಿದುಮಾಡುತ್ತದೆ. ದೂರ ನಿಲ್ಲು ಎನ್ನುವ ಮಸೂರ ಎಲ್ಲರನ್ನೂ ಒಂದು ಸಾಲಿಗೆ ತರುತ್ತದೆ.

ಫ್ರಾನ್ಸಿನ ಹೆನ್ರಿ ಕಾರ್ಟಿಯೆ-ಬ್ರೆಸಾನ್ ಅವರು 1932ರಲ್ಲಿ ಲೈಕಾವನ್ನು ಕೈಗೆತ್ತಿಕೊಂಡರು. ಜೀವಮಾನದ ಬಹುಪಾಲು ಕೆಲಸವನ್ನು 50 ಮಿ.ಮೀ. ಮಸೂರವೊಂದರಿಂದಲೇ ಮಾಡಿದರು. 1948ರ ಜನವರಿ 30ರಂದು ಅವರು ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿಯವರನ್ನು ಕಂಡು ಹೊರಬಂದಿದ್ದರು. ಸ್ವಲ್ಪ ಹೊತ್ತಿನಲ್ಲೇ ಹತ್ಯೆಯ ವಾರ್ತೆ ಬಂದಿತು. ಭವನದ ಗೇಟಿನ ಬಳಿ ಕತ್ತಲಲ್ಲಿ ನೆರೆದಿದ್ದ ಜನಕ್ಕೆ ನೆಹರೂ ಅವರು ಆ ಮರಣವಾರ್ತೆಯನ್ನು ಹೇಳುತ್ತಿರುವ ಚಿತ್ರವನ್ನು ತೆಗೆದವರು ಅವರೇ. ಅಂಥ ಗಳಿಗೆಯಲ್ಲಿ ಯಾವ ಮಸೂರ ಹಾಕಲೆಂದು ಯೋಚಿಸುವುದಕ್ಕೆ ಬಿಡುವೆಲ್ಲಿ? ಒಂದೇ ದೃಷ್ಟಿಗೆ ಕಣ್ಣು ಪಳಗಿದವನಿಗೆ ಕ್ಯಾಮೆರಾ ಎತ್ತುವ ಮುನ್ನವೇ ಚೌಕಟ್ಟು ಕಂಡಿರುತ್ತದೆ. ಹಾಗೆಂದು 50ಕ್ಕೆ ಮಾತ್ರ ಈ ಮಹಿಮೆಯೆಂದಲ್ಲ. ಅಮೆರಿಕದ ಗ್ಯಾರಿ ವಿನೋಗ್ರಾಂಡ್ ಅವರು ನ್ಯೂಯಾರ್ಕಿನ ಕಿಕ್ಕಿರಿದ ಬೀದಿಗಳಲ್ಲಿ 28ನ್ನು ಹಿಡಿದು ಜನರ ನಡುವೆಯೇ ನುಗ್ಗಿ ನಡೆದರು. ಅವರವರ ನಡಿಗೆಗೆ ತಕ್ಕ ಮಸೂರ.

ನಮ್ಮ ನಡಿಗೆ ಯಾವುದೆಂದು ತಿಳಿಯುವುದು ಹೇಗೆ? ಇದಕ್ಕೆ ಕಾಸಿನ ಖರ್ಚಿಲ್ಲದ ಉಪಾಯವೊಂದಿದೆ. ಒಂದು ರಟ್ಟಿನಲ್ಲಿ 14.4 ಸೆಂ.ಮೀ. ಉದ್ದ, 9.6 ಸೆಂ.ಮೀ. ಅಗಲದ ಕಂಡಿಯನ್ನು ಕತ್ತರಿಸಿರಿ. ಇದು ಫಿಲ್ಮಿನ ಚಿತ್ರದ ನಾಲ್ಕರಷ್ಟು ಅಳತೆ. ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನಿಂದ 20 ಸೆಂ.ಮೀ. ದೂರದಲ್ಲಿ ಹಿಡಿದರೆ ಕಂಡಿಯಲ್ಲಿ ಕಾಣುವುದು 50ರ ನೋಟ, 14 ಸೆಂ.ಮೀ. ದೂರದಲ್ಲಿ 35ರ ನೋಟ. 11ಕ್ಕೆ ತಂದರೆ 28ರದು. ಒಂದು ವಾರ ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಇದನ್ನು ಹಿಡಿದು ನೋಡಿರಿ. ಹಿಂದೆ ಸರಿಯಬೇಕೆನ್ನಿಸುತ್ತದೆಯೋ, ಮುಂದೆ ಹೋಗಬೇಕೆನ್ನಿಸುತ್ತದೆಯೋ, ಅಥವಾ ನಿಂತಲ್ಲಿಯೇ ತೃಪ್ತಿಯೋ? ತೃಪ್ತಿಯಾದ ಅಳತೆಯೇ ನಿಮ್ಮ ಮಸೂರ.

ಕೊಳ್ಳುವ ಮುನ್ನ ಕ್ಯಾಮೆರಾದ ಕಿಟಕಿಯನ್ನೂ ವಿಚಾರಿಸಬೇಕು. 1954ರ ಲೈಕಾ ಎಂ 3ರಲ್ಲಿ 50, 90, 135ರ ಚೌಕಟ್ಟುಗಳುಂಟು, 35ರದು ಇಲ್ಲ. ಅದರ ಕಿಟಕಿ ವಸ್ತುವನ್ನು 0.91ರಷ್ಟು ದೊಡ್ಡದಾಗಿ ತೋರಿಸುವುದರಿಂದ ದೂರವನ್ನು ಬಹು ನಿಖರವಾಗಿ ಹಿಡಿಯಬಹುದು. ಅನಂತರ ಬಂದ ಎಂ 2ರ ಕಿಟಕಿ 0.72ರದು, ನಿಖರತೆ ಕೊಂಚ ಕಡಿಮೆಯಾದರೂ 35ರ ಚೌಕಟ್ಟು ಅದರಲ್ಲಿ ಉಂಟು. ಕನ್ನಡಕ ಹಾಕುವವರು ಚೌಕಟ್ಟಿನ ನಾಲ್ಕು ಮೂಲೆಗಳೂ ಕಾಣುತ್ತವೆಯೇ ಎಂದು ತಾವೇ ಪರೀಕ್ಷಿಸಬೇಕು. 90ರ ಚೌಕಟ್ಟು ಕಿಟಕಿಯ ನಡುವೆ ಅಂಚೆಚೀಟಿಯಂತೆ ಕಿರಿದಾಗಿ ಕಾಣುವುದರಿಂದ, ಅದನ್ನೊಂದನ್ನೇ ನೆಚ್ಚಿಕೊಳ್ಳುವುದು ಕಷ್ಟ.

ಎಫ್ 1.4ರಂಥ ವಿಶಾಲರಂಧ್ರದ ಮಸೂರಗಳ ಮೋಹವೂ ಅನೇಕರಿಗೆ ಉಂಟು. ಅದು ಎಫ್ 2ರ ಎರಡರಷ್ಟು ಬೆಳಕನ್ನು ಒಳಗೆ ಬಿಡುವುದು ದಿಟ. ಆದರೆ ಅದು ತೂಕ, ಬೆಲೆಯೂ ಹೆಚ್ಚು; ಕಿಟಕಿಯ ಮೂಲೆಯನ್ನು ಮರೆಮಾಡುವುದೂ ಹೆಚ್ಚು. ಹಗಲಿನಲ್ಲಿ ನಾವು ಬಳಸುವುದು ಬಹುಮಟ್ಟಿಗೆ ಎಫ್ 8ನ್ನೇ. 35ರ ಮಸೂರವನ್ನು ಎಫ್ 8ರಲ್ಲಿಟ್ಟು ಹತ್ತು ಅಡಿಗೆ ನಿಲ್ಲಿಸಿದರೆ ಸುಮಾರು 6 ಅಡಿಯಿಂದ 24 ಅಡಿಯವರೆಗೆ ಎಲ್ಲವೂ ಸ್ಪಷ್ಟ. 50ರಲ್ಲಿ ಸುಮಾರು 8 ಅಡಿಯಿಂದ 14ರವರೆಗೆ ಮಾತ್ರ. ಓಡಾಡುವ ಮಕ್ಕಳನ್ನು ಹಿಡಿಯುವವರಿಗೆ 35ರ ಈ ಔದಾರ್ಯ ದೊಡ್ಡ ಸಹಾಯ.

ಹಳೆಯ ಮಸೂರ ಕೊಳ್ಳುವವರಿಗೆ ಒಂದು ಎಚ್ಚರಿಕೆ. ನಮ್ಮ ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಗಾಜಿನ ಒಳಗೂ ಬೂಷ್ಟು ಹಿಡಿಯುತ್ತದೆ. ರಂಧ್ರವನ್ನು ಪೂರ್ಣ ತೆರೆದು, ಹಿಂದಿನಿಂದ ಟಾರ್ಚು ಬಿಟ್ಟು ನೋಡಿದರೆ ಜೇಡರ ಬಲೆಯಂಥ ಎಳೆಗಳೋ ಮಂಜಿನ ಪೊರೆಯೋ ಇದ್ದರೆ ಕಾಣುತ್ತವೆ. ಅಂಥದನ್ನು ಎಷ್ಟು ಅಗ್ಗವಾದರೂ ಬಿಡುವುದು ಲೇಸು. ಹಳೆಯ ತಿರುಪಿನ ಮಸೂರಗಳನ್ನು ಒಂದು ಉಂಗುರದ ಸಹಾಯದಿಂದ ಎಂ ಜಾತಿಯ ಕ್ಯಾಮೆರಾಕ್ಕೆ ಹಾಕಬಹುದು; ಎಂ ಮಸೂರವನ್ನು ತಿರುಪಿನ ಕ್ಯಾಮೆರಾಕ್ಕೆ ಹಾಕಲಾಗದು.

ಕೊನೆಗೆ ನಮ್ಮ ಅಭಿಪ್ರಾಯ. ಮನೆಯೊಳಗಿನ ಬಾಳನ್ನು, ಅಂದರೆ ಅಡಿಗೆಮನೆ, ತೊಟ್ಟಿಲು, ಹತ್ತು ಅಡಿ ಕೋಣೆಯಲ್ಲಿ ಕೂಡಿದ ಬಂಧುಗಳನ್ನು ಚಿತ್ರಿಸಬೇಕೆಂಬವರು 35ನ್ನು ಕೊಳ್ಳಲಿ. ಅಲ್ಲಿ ಹಿಂದೆ ಸರಿಯಲು ಗೋಡೆ ಬಿಡದು. ಊರು, ಬೀದಿ, ಮನುಷ್ಯರ ಮುಖ ಬೇಕೆಂಬವರು 50ನ್ನು ಕೊಳ್ಳಲಿ. ರಟ್ಟಿನ ಪರೀಕ್ಷೆಯ ಮೇಲೂ ಮನಸ್ಸು ತೂಗಾಡುತ್ತಿದ್ದರೆ ಎಫ್ 2ರ 50ನ್ನೇ ಆರಿಸುವುದು ಕ್ಷೇಮ: ಎಂಟು ಅಡಿಯ ದೂರದಲ್ಲಿ ನಾವು ಎದುರಿನವರ ಮೈಮೇಲೆ ಬಿದ್ದಂತೆಯೂ ಆಗುವುದಿಲ್ಲ, ಕದ್ದು ನೋಡಿದಂತೆಯೂ ಆಗುವುದಿಲ್ಲ, ಅವರು ಬೇಡವೆಂದರೆ ಕೇಳಿಸುತ್ತದೆ, ನಕ್ಕರೆ ಕಾಣಿಸುತ್ತದೆ. ಯಾವುದನ್ನು ಕೊಂಡರೂ ಒಂದು ವರ್ಷ ಬೇರೊಂದರ ಕಡೆ ನೋಡದೆ ಅದರಿಂದಲೇ ಚಿತ್ರ ತೆಗೆಯಬೇಕು. ಅಷ್ಟರಲ್ಲಿ ಇನ್ನೊಂದು ಮಸೂರ ಬೇಕೇ ಬೇಡವೇ ಎಂಬುದಕ್ಕೆ ಉತ್ತರ, ತೆಗೆದ ಚಿತ್ರಗಳಲ್ಲಿಯೇ ದೊರೆಯುತ್ತದೆ.