ಹಿಂದಿನ ಗಾಜಿನ ವೈಪರ್ ನಾವೇ ಬದಲಾಯಿಸಿದೆವು

(ಒಕ್ಕೂಟದ ಮಾಸಿಕ ಸಭೆಯ ಅನುಭವ ಹಂಚಿಕೆಯಲ್ಲಿ ಒಂದು ಸ್ವಸಹಾಯ ಸಂಘದ ಸದಸ್ಯೆಯರು ಆಡಿದ ಮಾತು)



ಅನುಭವ ಹಂಚಿಕೆಗೆ ನಮ್ಮ ಸಂಘದ ಸರದಿ ಬಂದಾಗ ಹಪ್ಪಳ, ಉಪ್ಪಿನಕಾಯಿ, ಮಲ್ಲಿಗೆ ಗಿಡ ಇಂಥದ್ದೇನಾದರೂ ಹೇಳುತ್ತೇವೆಂದು ನೀವು ಎಣಿಸಿರಬಹುದು. ಇವತ್ತು ನಾವು ಹೇಳಲಿಕ್ಕೆ ಹೊರಟದ್ದು ಕಾರಿನ ಹಿಂದಿನ ಗಾಜು ಒರೆಸುವ ವೈಪರಿನ ವಿಷಯ. ನಗಬೇಡಿ. ನಾವೂ ಮೊದಲು ನಕ್ಕವರೇ.

ನಮ್ಮ ಸಂಘದ ಒಬ್ಬಳು ತಂಗಿ ಸಂಘದಿಂದ ಸಾಲ ತೆಗೆದು ಒಂದು ಹಳೆ ಕಾರು ಕೊಂಡು ಬಾಡಿಗೆಗೆ ಓಡಿಸುತ್ತಾಳೆ. ಬೆಳಿಗ್ಗೆ ಶಾಲೆ ಮಕ್ಕಳು, ನಡುವೆ ಆಸ್ಪತ್ರೆಗೆ ಹೋಗುವವರು, ಸಂಜೆ ಪುನಃ ಮಕ್ಕಳು. ತಿಂಗಳ ಕಂತು ಆ ಗಾಡಿಯಿಂದಲೇ ಬರಬೇಕು. ಹಾಗಾಗಿ ಅದು ಅವಳ ಗಾಡಿ ಎಂದು ಬಾಯಲ್ಲಿ ಹೇಳಿದರೂ ಅದರ ಟಯರ್ ಸವೆದರೆ ನಮಗೂ ನಿದ್ರೆ ಬರುವುದಿಲ್ಲ.

ನಮ್ಮ ಊರು ಚಾರ್ಮಾಡಿ ಘಾಟಿಯ ಕೆಳಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯ ಬಗ್ಗೆ ನಿಮಗೆ ಹೇಳಬೇಕಾದ್ದಿಲ್ಲ. ಅದರ ಮೇಲೆ ಮುರಕಲ್ಲಿನ ಕೆಂಪು ಮಣ್ಣಿನ ರಸ್ತೆ. ಎರಡು ಮೈಲಿ ಹೋಗುವಷ್ಟರಲ್ಲಿ ಹಿಂದಿನ ಗಾಜಿಗೆ ಸಗಣಿ ಸಾರಿಸಿದ ಹಾಗೆ ಕೆಸರು ಮೆತ್ತಿಕೊಳ್ಳುತ್ತದೆ. ಮುಂದಿನ ಗಾಜಿಗಿಂತ ಹಿಂದಿನದಕ್ಕೇ ಕೆಸರು ಜಾಸ್ತಿ ಯಾಕೆ ಎಂದು ನಾವೂ ಕೇಳಿದ್ದೆವು. ಮಣ್ಣಿನ ರಸ್ತೆಯಲ್ಲಿ ಓಡುವ ಬಸ್ಸನ್ನು ನೆನೆಸಿಕೊಳ್ಳಿ. ಅದರ ಹಿಂಬದಿಯಲ್ಲೇ ಧೂಳು ದಪ್ಪಕ್ಕೆ ಕೂರುವುದು, ಮಕ್ಕಳು ಬೆರಳಿನಲ್ಲಿ ಹೆಸರು ಬರೆಯುವುದೂ ಅಲ್ಲೇ. ಗಾಡಿ ಮುಂದೆ ನುಗ್ಗುವಾಗ ಗಾಳಿ ಮಾಡಿನ ಮೇಲಿಂದ ಹಾರಿಹೋಗುತ್ತದೆ. ಹಿಂಬದಿಯಲ್ಲಿ ಒತ್ತಡ ಕಡಿಮೆಯಾಗಿ ಗಾಳಿ ಸುಳಿಯುತ್ತದೆ. ಚಕ್ರ ಎಬ್ಬಿಸಿದ ಕೆಸರು ನೀರನ್ನೂ ಧೂಳನ್ನೂ ಆ ಸುಳಿ ಎಳೆದು ತಂದು ಗಾಜಿಗೆ ಬಡಿಯುತ್ತದೆ. ಡಿಕ್ಕಿ ಉದ್ದಕ್ಕೆ ಹೊರಗೆ ಚಾಚಿದ ಕಾರುಗಳಲ್ಲಿ ಈ ಉಪದ್ರ ಕಡಿಮೆ. ಹಿಂಬದಿ ನೆಟ್ಟಗೆ ಕಡಿದ ಹಾಗಿರುವ ಸಣ್ಣ ಕಾರುಗಳಲ್ಲಿ ಜಾಸ್ತಿ. ಅದಕ್ಕೇ ಅಂಥ ಗಾಡಿಗಳಿಗೆ ಹಿಂದೆಯೂ ಒಂದು ವೈಪರ್ ಇಡುವುದು.

ನಮ್ಮ ತಂಗಿಯ ಗಾಡಿಯಲ್ಲಿ ಆ ವೈಪರಿನ ರಬ್ಬರ್ ಬೇಸಿಗೆಯಲ್ಲೇ ಹರಿದಿತ್ತು. ಸ್ವಿಚ್ ಹಾಕಿದರೆ ಕರಕರ ಶಬ್ದ ಮಾಡಿ ಕೆಸರನ್ನು ಆಚೆಯಿಂದ ಈಚೆಗೆ ಬಳಿಯುತ್ತಿತ್ತು, ಅಷ್ಟೇ. ಅವಳು ಮನೆಯಲ್ಲಿ ಹೇಳಿದಳು. "ಹಿಂದಿನದು ಯಾರಿಗೆ ಬೇಕು, ಕನ್ನಡಿ ಇಲ್ವಾ?" ಎಂದರು. ಗ್ಯಾರೇಜಿನಲ್ಲಿ ಹೇಳಿದಳು. ಮುಂದಿನ ಸರ್ವೀಸಿಗೆ ಬರುವಾಗ ನೋಡುವ ಎಂದರು, ಮಜೂರಿ ಸೇರಿ 650 ರೂಪಾಯಿ ಆಗುತ್ತದೆ ಎಂದೂ ಹೇಳಿದರು. ಹೀಗೆ ಮೂರು ತಿಂಗಳು ಕಳೆಯಿತು. ಸಂಘದ ವಾರದ ಸಭೆಯಲ್ಲೂ ಒಮ್ಮೆ ಹೇಳಿದ್ದಳು. ನಾವು ಕಂತಿನ ಲೆಕ್ಕ ಬರೆದು ಮುಂದಿನ ವಿಷಯಕ್ಕೆ ಹೋದೆವು. ಇದನ್ನು ಹೇಳಲಿಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳಬೇಕು.

ಜುಲೈ ತಿಂಗಳ ಒಂದು ಸಂಜೆ ಅಂಗನವಾಡಿ ಹತ್ತಿರ ಮಕ್ಕಳನ್ನು ಇಳಿಸಿ ಅವಳು ಗಾಡಿ ಹಿಂದೆ ತೆಗೆದಳು. ಜೋರು ಮಳೆ. ಹಿಂದಿನ ಗಾಜಿನಲ್ಲಿ ಏನೂ ಕಾಣುತ್ತಿರಲಿಲ್ಲ. ಒಂದು ಮಗುವಿನ ಕೊಡೆ ಗಾಳಿಗೆ ಹಾರಿ ಗಾಡಿಯ ಹಿಂದೆ ಬಿದ್ದಿತ್ತು, ಮಗು ಅದನ್ನು ಹಿಡಿಯಲಿಕ್ಕೆ ಓಡಿತ್ತು. ಜಗಲಿಯಲ್ಲಿ ನಿಂತಿದ್ದ ನಮ್ಮ ಅಕ್ಕ ಒಬ್ಬರು "ನಿಲ್ಸು, ನಿಲ್ಸು ಮಾರಾಯ್ತಿ!" ಎಂದು ಬೊಬ್ಬೆ ಹಾಕಿದರು. ಗಾಡಿ ನಿಂತಿತು. ಕೊಡೆ ಚಕ್ರದ ಅಡಿಯಲ್ಲಿತ್ತು. ಮಗು ಕೊಡೆಯಿಂದ ಒಂದು ಮೊಳ ಆಚೆ ನಿಂತಿತ್ತು.

ಆಮೇಲೆ ಅಂಗಡಿ ಬದಿಯಲ್ಲಿ ನಿಂತಿದ್ದವರು ಆಡಿದ್ದು, "ಹೆಂಗಸರು ರಿವರ್ಸ್ ತೆಗೆದರೆ ಇದೇ ಕಥೆ" ಎಂದು. ತಂಗಿ ಎರಡು ದಿನ ಗಾಡಿಯ ಕೀ ಮುಟ್ಟಲಿಲ್ಲ. ಮೂರನೇ ದಿನ ನಾವೇ ಅವಳ ಮನೆಗೆ ಹೋಗಿ ಸಭೆ ಸೇರಿದೆವು. ಗಾಡಿ ನಿಂತರೆ ಕಂತು ನಿಲ್ಲುತ್ತದೆ. ಹಾಗೆಂದು ಆ ಗಾಜಿನಲ್ಲಿ ಗಾಡಿ ಹೊರಡಿಸುವುದೂ ಸರಿಯಲ್ಲ. ಗ್ಯಾರೇಜಿನವರಿಗಾಗಿ ಕಾಯದೆ ನಾವೇ ಹಾಕುವುದೆಂದು ನಿರ್ಣಯ ಪುಸ್ತಕದಲ್ಲಿ ಬರೆದೆವು.

ಮೊದಲ ಸಲ ತಪ್ಪಿದೆವು. ಖಜಾಂಚಿ ಅಕ್ಕ ಪೇಟೆಗೆ ಹೋದವರು ಅಂಗಡಿಯಲ್ಲಿ "ವೈಪರ್ ಕೊಡಿ" ಎಂದರು, ಅವನು ಮುಂದಿನ ಗಾಜಿನದ್ದು ಕೊಟ್ಟ. ಮುಂದಿನ ಬ್ಲೇಡಿಗೆ ಸಾಮಾನ್ಯವಾಗಿ ಕೊಕ್ಕೆಯ ಹಾಗಿರುವ ಜೋಡಣೆ. ಹಿಂದಿನದಕ್ಕೆ ಹೆಚ್ಚಾಗಿ ಪ್ಲಾಸ್ಟಿಕ್ ಕ್ಲಿಪ್ಪು, ಅದೂ ಗಾಡಿಯಿಂದ ಗಾಡಿಗೆ ಬೇರೆ. ಉದ್ದವೂ ಬೇರೆ. ಮರುದಿನ ಪುನಃ ಬಸ್ಸಿನಲ್ಲಿ ಹೋಗಿ ಬದಲಿಸಿ ತರಬೇಕಾಯಿತು. ಹಾಗಾಗಿ ಹಳೆ ಬ್ಲೇಡನ್ನೇ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಹೋಗಿ. ಗಾಡಿಯ ಹೆಸರು, ಯಾವ ವರ್ಷದ್ದು ಎಂಬುದನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. ನಮ್ಮದು 12 ಇಂಚಿನದು, 220 ರೂಪಾಯಿ ಆಯಿತು.

ಇನ್ನು ಕೆಲಸ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೀ ತೆಗೆದು ಸೊಂಟಕ್ಕೆ ಸಿಕ್ಕಿಸಿ. ಬ್ಲೇಡನ್ನು ಹಿಡಿದಿರುವ ಕಡ್ಡಿಗೆ ಗ್ಯಾರೇಜಿನವರು ಆರ್ಮ್ ಎನ್ನುತ್ತಾರೆ, ನಾವು ಕೈ ಎಂದೇ ಹೇಳುತ್ತೇವೆ. ಆ ಕೈಯನ್ನು ಗಾಜಿನಿಂದ ಮೆಲ್ಲ ಎತ್ತಿ. ಮುಂದಿನದರ ಹಾಗೆ ಇದು ಪೂರ್ತಿ ಎದ್ದು ನಿಲ್ಲಬೇಕೆಂದಿಲ್ಲ. ಅನೇಕ ಗಾಡಿಗಳಲ್ಲಿ ಸ್ವಲ್ಪವೇ ಏಳುತ್ತದೆ, ಒತ್ತಾಯ ಮಾಡಿದರೆ ಮುರಿಯುತ್ತದೆ. ಒಬ್ಬಳು ಹಿಡಿದುಕೊಂಡಿರಲಿ.

ಎತ್ತಿದ ಕೂಡಲೇ ಗಾಜಿನ ಮೇಲೆ ಒಂದು ದಪ್ಪ ಟವೆಲನ್ನು ನಾಲ್ಕು ಮಡಿಕೆ ಮಾಡಿ ಇಡಿ. ಇದನ್ನು ಮಾತ್ರ ಮರೆಯಬೇಡಿ. ಕೈಯ ಬುಡದಲ್ಲಿ ಬಿಗಿ ಸ್ಪ್ರಿಂಗ್ ಇದೆ. ಬ್ಲೇಡ್ ಇಲ್ಲದ ಹೊತ್ತಿನಲ್ಲಿ ಕೈ ಜಾರಿದರೆ ಬರೀ ಕಡ್ಡಿ ಬಂದು ಗಾಜಿಗೆ ಬಡಿಯುತ್ತದೆ. ಮುಂದಿನ ಗಾಜು ಪದರದ ಗಾಜು, ಬಿರುಕು ಬಿಟ್ಟರೂ ಅಂಟಿಕೊಂಡಿರುತ್ತದೆ. ಹಿಂದಿನದು ಸಾಮಾನ್ಯವಾಗಿ ಕಾಯಿಸಿ ಗಟ್ಟಿ ಮಾಡಿದ ಗಾಜು, ಒಡೆದರೆ ಕಲ್ಲುಸಕ್ಕರೆಯ ಹಾಗೆ ಪೂರ್ತಿ ಪುಡಿ. ನಮ್ಮ ಕೈಯಿಂದ ಒಮ್ಮೆ ಜಾರಿಯೇ ಜಾರಿತು. ಟವೆಲು ಇದ್ದದ್ದಕ್ಕೆ 220 ರೂಪಾಯಿಯಲ್ಲಿ ಮುಗಿಯಿತು.

ಈಗ ಬ್ಲೇಡನ್ನು ಕೈಗೆ ಅಡ್ಡವಾಗುವ ಹಾಗೆ ತಿರುಗಿಸಿ. ಅವೆರಡೂ ಸೇರುವ ಜಾಗದಲ್ಲಿ ಹೆಬ್ಬೆರಳಿಟ್ಟು ಒತ್ತಿದರೆ ಟಕ್ ಎಂದು ಕಳಚುತ್ತದೆ. ಕೆಲವದರಲ್ಲಿ ಸಣ್ಣ ಗುಂಡಿಯ ಹಾಗಿರುವ ಲಾಕ್ ಒತ್ತಬೇಕು. ಯಾವ ಕಡೆಯಿಂದ ಕಳಚಿತು ಎಂದು ಗಮನ ಇಟ್ಟು ನೋಡಿ, ಹೊಸದು ಹೋಗುವುದೂ ಅಲ್ಲಿಂದಲೇ. ಟಕ್ ಶಬ್ದ ಕೇಳುವ ತನಕ ಒತ್ತಿ, ಒಮ್ಮೆ ಎಳೆದು ನೋಡಿ. ಬುಡದಲ್ಲಿರುವ ನಟ್ಟನ್ನು ಮುಟ್ಟುವುದೇ ಬೇಡ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಟವೆಲು ತೆಗೆದು ಕೈಯನ್ನು ಮೆಲ್ಲ ಇಳಿಸಿ, ಗಾಜಿಗೆ ಒಂದು ಚೊಂಬು ನೀರು ಹಾಕಿ ಸ್ವಿಚ್ ಒತ್ತಿ. ಎರಡನೇ ಸಲ ಮಾಡುವಾಗ ನಮಗೆ ಚಹಾ ಕುದಿಯುವಷ್ಟು ಹೊತ್ತೂ ಬೇಕಾಗಲಿಲ್ಲ.

ಹೊಸ ರಬ್ಬರ್ ಬಾಳಬೇಕಾದರೆ ಒಣ ಧೂಳಿನ ಮೇಲೆ ವೈಪರ್ ಓಡಿಸಬಾರದು, ಮೊದಲು ನೀರು ಹಾಕಬೇಕು. ರಬ್ಬರಿನ ಅಂಚನ್ನು ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಸೀಮೆಎಣ್ಣೆ, ಪೆಟ್ರೋಲ್ ತಾಗಿಸಬಾರದು. ಬಿಸಿಲಿಗೆ ರಬ್ಬರ್ ತಾನಾಗಿ ಗಟ್ಟಿಯಾಗುತ್ತದೆ, ಆದ್ದರಿಂದ ಮೇ ತಿಂಗಳಲ್ಲಿ ಬೆರಳಾಡಿಸಿ ನೋಡುವುದೆಂದು ಲೆಕ್ಕದ ಪುಸ್ತಕದ ಕೊನೆ ಪುಟದಲ್ಲಿ ಬರೆದಿಟ್ಟಿದ್ದೇವೆ. ಗಾಜಿನ ಒಳಬದಿಯಲ್ಲಿ ಕಂದು ಗೆರೆಗಳಿದ್ದರೆ ಅದು ಮಂಜು ಬಿಡಿಸುವ ತಂತಿ, ಒರಟಾಗಿ ಉಜ್ಜಬೇಡಿ.

ಗಾಡಿ ಕೆಲಸ ಹೆಂಗಸರದ್ದಲ್ಲ ಎನ್ನುವವರಿಗೆ ಹೇಳಲಿಕ್ಕೆ ನಮಗೆ ಒಂದು ವಿಷಯ ಸಿಕ್ಕಿದೆ. ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್ ಎಂಬ ಮಹಿಳೆ ನ್ಯೂಯಾರ್ಕಿಗೆ ಹೋಗಿದ್ದಾಗ ಟ್ರಾಮಿನ ಚಾಲಕ ಹಿಮಮಳೆಯಲ್ಲಿ ದಾರಿ ಕಾಣದೆ ಒದ್ದಾಡುವುದನ್ನು ನೋಡಿದರಂತೆ. ಒಳಗೆ ಕುಳಿತೇ ಹಿಡಿ ತಿರುಗಿಸಿ ಗಾಜು ಒರೆಸುವ ಸಾಧನಕ್ಕೆ 1903ರ ನವೆಂಬರ್ 10ರಂದು ಪೇಟೆಂಟ್ ಪಡೆದರು. 1905ರಲ್ಲಿ ಕೆನಡಾದ ಒಂದು ಕಂಪೆನಿ ಇದರಿಂದ ಲಾಭವಿಲ್ಲ ಎಂದು ಹಿಂದೆ ಕಳಿಸಿತು. 1920ರಲ್ಲಿ ಪೇಟೆಂಟಿನ ಅವಧಿ ಮುಗಿಯಿತು, ಅವರಿಗೆ ಅದರಿಂದ ದುಡ್ಡು ಹುಟ್ಟಲೇ ಇಲ್ಲ. 1953ರಲ್ಲಿ ತೀರಿಕೊಂಡರು, ಅಲ್ಲಿನ ರಾಷ್ಟ್ರೀಯ ಸಂಶೋಧಕರ ಗೌರವ ಪಟ್ಟಿಗೆ ಹೆಸರು ಸೇರಿದ್ದು 2011ರಲ್ಲಿ.

ಆದರೆ ಸಹೋದರಿಯರೇ, ವೈಪರ್ ಹಾಕಿದ ಕೂಡಲೇ ಎಲ್ಲ ಸರಿಯಾಯಿತು ಎಂದು ನಾವು ಹೇಳುವುದಿಲ್ಲ. ಹೊಸ ಬ್ಲೇಡ್ ಹಾಕಿದ ದಿನ ನಾವೊಂದು ಪರೀಕ್ಷೆ ಮಾಡಿದೆವು. ಗಾಜು ಫಳಫಳ ಹೊಳೆಯುತ್ತಿತ್ತು. ನಾಲ್ಕು ವರ್ಷದ ಒಂದು ಮಗುವನ್ನು ನಿಂತ ಗಾಡಿಯ ಹಿಂದೆ ನಿಲ್ಲಿಸಿ ಒಬ್ಬೊಬ್ಬರಾಗಿ ಚಾಲಕಿಯ ಸೀಟಿನಲ್ಲಿ ಕುಳಿತು ನೋಡಿದೆವು. ಗಾಡಿಗೆ ಹತ್ತಿರ ನಿಂತರೆ ಮಗು ಗಾಜಿನ ಕೆಳಗೇ ಉಳಿಯುತ್ತದೆ, ತಲೆ ಕೂಡ ಕಾಣುವುದಿಲ್ಲ. ಹತ್ತು ಹೆಜ್ಜೆ ದೂರದಿಂದ ಓಡಿ ಬರುವಾಗ ಕಾಣುತ್ತದೆ, ಅದಕ್ಕೆ ಗಾಜು ಶುಚಿ ಇರಬೇಕು. ಹತ್ತಿರ ಬಂದ ಮೇಲೆ ಯಾವ ವೈಪರೂ ತೋರಿಸುವುದಿಲ್ಲ. ಹಾಗಾಗಿ ಈಗ ತಂಗಿ ಮಕ್ಕಳನ್ನು ಇಳಿಸಿದ ಮೇಲೆ ಮಳೆ ಇರಲಿ, ಬಿಸಿಲಿರಲಿ, ಒಮ್ಮೆ ಇಳಿದು ಹಿಂದೆ ಸುತ್ತಿ ನೋಡಿಯೇ ರಿವರ್ಸ್ ಹಾಕುತ್ತಾಳೆ. ಅಂಗನವಾಡಿಯ ಅಕ್ಕ ಕೈ ಎತ್ತಿದ ಮೇಲೆಯೇ ಗಾಡಿ ಅಲುಗಾಡುವುದು.

ನಿಮ್ಮ ಸಂಘಗಳಲ್ಲೂ ಗಾಡಿ ಓಡಿಸುವವರಿದ್ದಾರೆ. ಮುಂದಿನ ತಿಂಗಳ ಸಭೆಗೆ ತಂಗಿ ಗಾಡಿ ತರುತ್ತಾಳೆ, ಹೊರಗೆ ನೆರಳಿನಲ್ಲಿ ನಿಲ್ಲಿಸುತ್ತೇವೆ. ಹರಿದ ಹಳೆ ಬ್ಲೇಡನ್ನೂ ಇಟ್ಟುಕೊಂಡಿದ್ದೇವೆ. ಬಿಚ್ಚಿ ಹಾಕಿ ನೋಡಬೇಕೆನ್ನುವವರು ಬರುವಾಗ ಒಂದು ದಪ್ಪ ಟವೆಲು ತನ್ನಿ.