ಹಿಮದ ಊರಿನ ಸಣ್ಣ ಸೋಜಿಗಗಳು



ಹಿಮವೆಂಬುದು ನಮ್ಮ ಕಡೆಯವರಿಗೆ ಬಹುಮಟ್ಟಿಗೆ ಪುಸ್ತಕದ ಮಾತು. ಮಾಗಿಯ ಬೆಳಗ್ಗೆ ಹುಲ್ಲಿನ ಮೇಲೆ ಹೊಳೆಯುವ ಇಬ್ಬನಿಯನ್ನೇ ಹಿಮವೆಂದು ಕರೆದು ನಾವು ತೃಪ್ತರಾಗುತ್ತೇವೆ. ಕಾವ್ಯವನ್ನೋದಿದವರಿಗೆ ಕಾಳಿದಾಸನ ಹಿಮವಂತನು ನೆನಪಾಗಬಹುದು. ಆ ಮಹಾಕವಿಯಾದರೋ ಕುಮಾರಸಂಭವದ ಆರಂಭದಲ್ಲಿ ಹಿಮವನ್ನು ಪರ್ವತರಾಜನ ಒಂದು ದೋಷವೆಂದೇ ಎಣಿಸಿ, ಗುಣಗಳ ರಾಶಿಯಲ್ಲಿ ಅದು ಮುಳುಗಿಹೋಗುವುದೆಂದು ಸಮಾಧಾನ ಹೇಳಿದ್ದಾನೆ. ಹಿಮದ ಊರಿನಲ್ಲಿ ಒಂದು ಚಳಿಗಾಲವನ್ನು ಕಳೆದ ಮೇಲೆ, ಈ ದೋಷಾರೋಪಣೆಯನ್ನು ಮತ್ತೊಮ್ಮೆ ವಿಚಾರಣೆಗೆ ತರಬೇಕೆಂದು ನಮಗೆ ತೋರಿದೆ.

ನಾವು ಇದ್ದುದು ಕಾಶ್ಮೀರದ ಕಣಿವೆಯಲ್ಲಿ, ಶ್ರೀನಗರಕ್ಕೆ ಆಗ್ನೇಯದಲ್ಲಿರುವ ಪಾಂಪೂರಿನ ಕಡೆಯ ಒಂದು ಹಳ್ಳಿಯಲ್ಲಿ. ಕಣಿವೆಯ ನೆಲ ಸಮುದ್ರಮಟ್ಟಕ್ಕಿಂತ ಸುಮಾರು 5,200 ಅಡಿ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ ಇದಕ್ಕಿಂತ ಸಾವಿರ ಅಡಿಗೂ ಮಿಗಿಲಾಗಿ ಎತ್ತರವಾಗಿದೆ. ಆದರೂ ಅಲ್ಲಿ ಹಿಮವಿಲ್ಲ, ಇಲ್ಲಿ ಉಂಟು. ಎತ್ತರವೊಂದೇ ಸಾಲದು, ಸೂರ್ಯನ ಓರೆನೋಟವೂ ಪಶ್ಚಿಮದ ತೇವದ ಗಾಳಿಯೂ ಕೂಡಿಬರಬೇಕು. ಅಲ್ಲಿಯ ಜನ ಚಳಿಗೆ ಒಂದು ಪಂಚಾಂಗವನ್ನೇ ಮಾಡಿಕೊಂಡಿದ್ದಾರೆ. ಡಿಸೆಂಬರ್ 21ರಿಂದ 40 ದಿನಗಳು ಚಿಲ್ಲೈ ಕಲಾನ್, ಎಂದರೆ ಹಿರಿಯ ಚಳಿ. ಮುಂದಿನ 20 ದಿನಗಳು ಚಿಲ್ಲೈ ಖುರ್ದ್, ಕಿರಿಯ ಚಳಿ. ಕೊನೆಯ 10 ದಿನಗಳು ಚಿಲ್ಲೈ ಬಚ್ಚಾ, ಮರಿ ಚಳಿ. ಮನೆಯ ಮಕ್ಕಳನ್ನು ಕರೆಯುವಂತೆ ಚಳಿಯನ್ನು ಹೆಸರಿಟ್ಟು ಕರೆಯುವುದರಲ್ಲಿ ಭಯಕ್ಕಿಂತ ಸಲಿಗೆಯೇ ಹೆಚ್ಚಾಗಿ ಕಾಣುತ್ತದೆ.

ಮೊದಲನೆಯ ಸೋಜಿಗವೆಂದರೆ ಹಿಮವು ಬರುವ ಬಗೆ. ಮಳೆ ಬಂದರೆ ಹೆಂಚು, ಎಲೆ, ಬೀದಿ ಎಲ್ಲವೂ ಸಾರಿ ಹೇಳುತ್ತವೆ. ಹಿಮವು ಸದ್ದಿಲ್ಲದೆ ಬರುತ್ತದೆ. ಇದ್ದ ಸದ್ದನ್ನೂ ಅಡಗಿಸುತ್ತದೆ. ಅದರ ಹರಳುಗಳ ನಡುವಣ ಗಾಳಿಯ ಸಂದುಗಳು ಧ್ವನಿಯನ್ನು ನುಂಗುವುದೇ ಇದಕ್ಕೆ ಕಾರಣ. ಒಂದು ಬೆಳಗ್ಗೆ ಕೋಣೆಯ ಸೂರು ಬೆಳ್ಳಗೆ ಬೆಳಗುತ್ತಿದ್ದುದನ್ನು ಕಂಡು ನಾವು ಹೊತ್ತು ಬಹಳ ಏರಿತೆಂದು ಎದ್ದೆವು. ನೋಡಿದರೆ ಸೂರ್ಯನು ಇನ್ನೂ ಮೋಡದ ಹಿಂದೆಯೇ ಇದ್ದನು. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನ ಹತ್ತರಲ್ಲಿ ಎಂಟೊಂಬತ್ತು ಪಾಲನ್ನು ಹಿಂದಕ್ಕೆ ಕೊಡುವುದರಿಂದ, ಅಂದು ಬೆಳಕು ಆಕಾಶದಿಂದಲ್ಲ, ನೆಲದಿಂದ ಒಳಗೆ ಬರುತ್ತಿತ್ತು.

ಮೊದಲ ಹಿಮಕ್ಕೆ ಅಲ್ಲಿ ಒಂದು ವಿನೋದವುಂಟು. ಹಿಡಿ ಹಿಮವನ್ನು ಮುಚ್ಚಿ, ಏನೆಂದು ಹೇಳದೆ ಪರಿಚಿತರ ಕೈಗೆ ಕೊಡುತ್ತಾರೆ. ತಿಳಿಯದೆ ತೆಗೆದುಕೊಂಡವರು ಕೊಟ್ಟವರಿಗೆ ಔತಣವಿಡಬೇಕು. ನೆರೆಮನೆಯ ಪುಟ್ಟ ಹುಡುಗಿಯೊಬ್ಬಳು ಮುಚ್ಚಿದ ಬಟ್ಟಲೊಂದನ್ನು ತಂದು ನಮ್ಮ ಮನೆಯಾಕೆಯ ಕೈಯಲ್ಲಿಟ್ಟು ನಕ್ಕಳು. ಆ ಋಣವನ್ನು ನಾವು ಮೈಸೂರಿನ ಸಜ್ಜಿಗೆಯಿಂದ ತೀರಿಸಿದೆವು. ಈ ಸಂಭ್ರಮ ಇಂದು ನಿನ್ನೆಯದಲ್ಲ. ಪ್ರಾಚೀನವಾದ ನೀಲಮತಪುರಾಣವು ಹೊಸ ಹಿಮ ಬಿದ್ದ ದಿನವನ್ನು ಹಬ್ಬವಾಗಿ ಆಚರಿಸಬೇಕೆಂದು ವಿಧಿಸುತ್ತದೆ. ಅದೇ ಪುರಾಣದಲ್ಲಿ, ಹಿಂದೆ ವರ್ಷದ ಆರು ತಿಂಗಳು ಕಣಿವೆ ಪಿಶಾಚರ ವಶದಲ್ಲಿದ್ದು, ಮನುಷ್ಯರು ಚಳಿಗಾಲದಲ್ಲಿ ಊರು ಬಿಟ್ಟು ಹೋಗಬೇಕಾಗಿತ್ತೆಂಬ ಕಥೆಯೂ ಇದೆ. ಓಡಿಹೋಗುತ್ತಿದ್ದವರು ನಿಂತು ಹಬ್ಬ ಮಾಡುವಂತಾದುದು ಸಾಮಾನ್ಯ ವಿಜಯವೆ?

ಎರಡನೆಯ ಸೋಜಿಗ ಇನ್ನೂ ವಿಚಿತ್ರವಾದುದು: ಹಿಮ ಬೀಳುವ ರಾತ್ರಿ ಹೆಚ್ಚು ಚಳಿಯ ರಾತ್ರಿಯಲ್ಲ. ಆಗ ಮೋಡವು ಭೂಮಿಯ ಶಾಖಕ್ಕೆ ಮುಚ್ಚಳವಾಗಿರುತ್ತದೆ. ಆಕಾಶ ತಿಳಿಯಾಗಿ ನಕ್ಷತ್ರಗಳು ಹರಳಿನಂತೆ ಹೊಳೆಯುವ ರಾತ್ರಿಯೇ ನಿಷ್ಕರುಣೆಯದು. ಅಂಥ ರಾತ್ರಿಯ ಮರುದಿನ ನಲ್ಲಿಯಲ್ಲಿ ನೀರು ಬರುವುದಿಲ್ಲ. ಕೊಳವೆಯ ಕೆಳಗೆ ಉರಿ ಹಿಡಿದು ಅದನ್ನು ಕರಗಿಸಬೇಕು. ಫೆರನ್ ಎಂಬ ದೊಗಳೆ ನಿಲುವಂಗಿಯೊಳಗೆ ಕಾಂಗ್ಡಿಯನ್ನು, ಎಂದರೆ ಬೆತ್ತದಂಥ ಕಡ್ಡಿಗಳಿಂದ ಹೆಣೆದ ಬುಟ್ಟಿಯಲ್ಲಿರಿಸಿದ ಮಣ್ಣಿನ ಅಗ್ಗಿಷ್ಟಿಕೆಯನ್ನು, ಹಿಡಿದುಕೊಂಡು ಜನರು ನಡೆದಾಡುತ್ತಾರೆ. ಶರತ್ಕಾಲದಲ್ಲಿ ಉದುರಿದ ಚಿನಾರಿನ ಎಲೆಗಳನ್ನು ಸುಟ್ಟು ಮಾಡಿದ ಇದ್ದಲೂ ಅದಕ್ಕೆ ಒದಗುತ್ತದೆ. ಮರವು ಕಳೆದುಕೊಂಡುದೇ ಮನುಷ್ಯನಿಗೆ ಬಿಸುಪಾಗುವುದು ನೋಡಲು ಸೊಗಸು. ಆದರೆ ಬಹುಕಾಲದ ಬಳಕೆಯಿಂದ ಚರ್ಮ ಬೆಂದು ವ್ರಣವಾಗುವುದನ್ನೂ, ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಹೊಗೆ ಪ್ರಾಣಾಪಾಯವನ್ನು ತರುವುದನ್ನೂ ಮರೆಯಲಾಗದು.

ಅಡಿಗೆಮನೆಯ ಸೋಜಿಗ ನಮ್ಮ ಗೃಹಿಣಿಯರಿಗೆ ಹಿಡಿಸತಕ್ಕುದು. ಬೇಸಗೆಯಲ್ಲಿ ಬದನೆ, ಸೋರೆ, ಟೊಮ್ಯಾಟೊಗಳನ್ನು ಹೆಚ್ಚಿ, ದಾರದಲ್ಲಿ ಪೋಣಿಸಿ ಒಣಗಿಸಿಟ್ಟಿರುತ್ತಾರೆ. ದಾರಿಗಳು ಮುಚ್ಚಿದಾಗ ಅವೇ ಪಲ್ಯ, ಅವೇ ಸಾರು. ಜಡಿಮಳೆಗೆ ಮೊದಲೇ ಹಪ್ಪಳ, ಸಂಡಿಗೆ, ಬಾಳಕಗಳನ್ನು ಡಬ್ಬಿಗಳಲ್ಲಿ ತುಂಬಿ, ಸೌದೆಯನ್ನು ಒಟ್ಟಿಕೊಳ್ಳುವ ನಮ್ಮ ಮಲೆನಾಡಿನವರು ಅಲ್ಲಿಗೆ ಹೋದರೆ ಪರಸ್ಥಳವೆನಿಸಲಾರದು.

ಇನ್ನು ಹಿಮದ ಕೆಳಗಣ ಲೋಕ. ಪಾಂಪೂರಿನ ದಿಣ್ಣೆಗಳು ಕುಂಕುಮಕೇಸರಿಯ ಹೊಲಗಳು. ಕೇಸರಿಯು ಹೂ ಬಿಡುವುದು ಅಕ್ಟೋಬರ್ ಕೊನೆಯಿಂದ ನವೆಂಬರಿನವರೆಗೆ, ಚಳಿ ಬಲಿಯುವ ಮೊದಲು. ಹೂ ಬಿಡಿಸಿಕೊಂಡ ಮೇಲೆ ಹೊಲದ ಕೆಲಸ ಮುಗಿಯಿತೆಂದು ನಾವು ಭಾವಿಸಿದ್ದೆವು. ನಮ್ಮ ಆತಿಥೇಯರು ಒಂದು ದಿನ ಹೊಲಕ್ಕೆ ಕರೆದೊಯ್ದು, ಮೊಳದುದ್ದದ ಹಿಮವನ್ನು ಸಲಿಕೆಯಿಂದ ಸರಿಸಿ ತೋರಿಸಿದರು. ಅಡಿಯಲ್ಲಿ ಗರಿಕೆಯಂಥ ಸಣ್ಣ ಎಲೆಗಳು ಹಚ್ಚಗೆ ಮಲಗಿದ್ದವು! ಆ ಎಲೆಗಳ ಬಲದಿಂದ ನೆಲದೊಳಗೆ ಗೆಡ್ಡೆಯು ಮರಿಗೆಡ್ಡೆಗಳನ್ನು ಬೆಳೆಸುತ್ತಿರುತ್ತದೆ. ಮುಂದಿನ ವರ್ಷದ ಹೂವು ಅವುಗಳಿಂದ. ಹೊಸದಾಗಿ ಬಿದ್ದ ಹಿಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯೇ. ಕಂಬಳಿಯಲ್ಲಿ ನಮ್ಮನ್ನು ಬೆಚ್ಚಗಿಡುವುದೂ ಉಣ್ಣೆಯೊಳಗೆ ಸಿಕ್ಕಿಬಿದ್ದ ಗಾಳಿಯೇ ಅಲ್ಲವೆ? ಮೇಲಿನ ಗಾಳಿ ಎಷ್ಟೇ ಕೊರೆದರೂ ಕೆಳಗಣ ಮಣ್ಣಿಗೆ ಆ ಕೊರೆತ ತಟ್ಟುವುದಿಲ್ಲ.

ಈ ಹೊಲಗಳಿಗೆ ಸಮೀಪದ ಖೋನಮೋಹ್ ಎಂಬ ಗ್ರಾಮವೇ ಖೋನಮುಖ, ಬಿಲ್ಹಣ ಕವಿಯ ಹುಟ್ಟೂರು. ಅವನು ಹನ್ನೊಂದನೆಯ ಶತಮಾನದಲ್ಲಿ ಊರು ಬಿಟ್ಟು, ದೇಶವನ್ನೆಲ್ಲ ಸುತ್ತಿ, ನಮ್ಮ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಸ್ಥಾನವನ್ನು ಸೇರಿದನು. ಚಾಲುಕ್ಯ ಚಕ್ರವರ್ತಿಯ ಚರಿತ್ರೆಯನ್ನು ಹಾಡಿದ ಅವನ ಕಾವ್ಯದ ಕೊನೆಯ ಸರ್ಗ ತವರನ್ನು ನೆನೆಯುತ್ತದೆ. ಕಲ್ಯಾಣದ ಬಿಸಿಲಿನಲ್ಲಿ ಕುಳಿತವನಿಗೆ ಆ ನೆನಪು ಎಷ್ಟು ತಂಪಾಗಿತ್ತೋ!

ಹರಳುಗಳ ಮಾತನ್ನು ಚಿಕ್ಕದಾಗಿ ಹೇಳುತ್ತೇವೆ. ಕಪ್ಪು ತೋಳಿನ ಮೇಲೆ ಬಿದ್ದ ಹಿಮದ ಹರಳು ಕರಗುವ ಮೊದಲು ನೋಡಿದರೆ ಆರು ಮೂಲೆಯ ನಕ್ಷತ್ರ. ನಮ್ಮ ಹೆಂಗಸರ ರಂಗೋಲಿಯಂತೆ. ಜ್ಯೋತಿಶ್ಶಾಸ್ತ್ರಜ್ಞನಾದ ಕೆಪ್ಲರ್ 1611ರಲ್ಲಿಯೇ ಈ ಆರರ ಗುಟ್ಟನ್ನು ಕುರಿತು ಕಿರುಹೊತ್ತಗೆಯೊಂದನ್ನು ಬರೆದನು. ಅಮೆರಿಕದ ವರ್ಮಾಂಟಿನ ರೈತ ಬೆಂಟ್ಲಿ 1885ರ ಜನವರಿಯಲ್ಲಿ ಹಿಮದ ಒಂಟಿ ಹರಳಿನ ಛಾಯಾಚಿತ್ರವನ್ನು ತೆಗೆದು, 1931ರಲ್ಲಿ ತೀರಿಕೊಳ್ಳುವುದರೊಳಗೆ ಅಂಥ ಐದು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಕೂಡಿಸಿದ್ದನು.

ಆದರೆ ಎಲ್ಲಕ್ಕಿಂತ ದೊಡ್ಡ ವಿಷಯ ನೀರಿನದು. ಹಿರಿಯ ಚಳಿಯ ನಾಲ್ವತ್ತು ದಿನಗಳಲ್ಲಿ ಬೆಟ್ಟದ ಮೇಲೆ ಬಿದ್ದ ಹಿಮ ಗಟ್ಟಿಯಾಗಿ ಕೂಡಿಬಿದ್ದು, ವಸಂತದಿಂದ ಮೆಲ್ಲಮೆಲ್ಲನೆ ಕರಗಿ, ಬುಗ್ಗೆಗಳಿಗೂ ಝೇಲಂ ನದಿಗೂ ಬತ್ತದ ಗದ್ದೆಗಳಿಗೂ ಹಂಚಿಕೆಯಾಗುತ್ತದೆ. ತಡವಾಗಿ ಬಿದ್ದ ಹಿಮ ಬೇಗ ಕರಗಿ ಹರಿದುಹೋಗುತ್ತದೆ. 2024ರ ಜನವರಿಯಲ್ಲಿ ಕಣಿವೆಗೆ ಹಿಮವೇ ಬರಲಿಲ್ಲ. ಗುಲ್ಮಾರ್ಗದ ಇಳಿಜಾರುಗಳೂ ತಿಂಗಳ ಬಹುಭಾಗ ಬರಿದಾಗಿದ್ದವು. ನಾವು ಮಳೆಗಾಗಿ ಮೊರೆಯಿಡುವಂತೆ ಅಲ್ಲಿಯ ಜನ ಕೂಡಿ ಪ್ರಾರ್ಥಿಸಿದರು. ತಿಂಗಳ ಕೊನೆಗೆ ಹಿಮವೇನೋ ಬಂದಿತು. ಆದರೆ ಕಳೆದ ದಿನಗಳು ಮರಳಲಿಲ್ಲ. ಭೂಮಿ ಬಿಸಿಯೇರುತ್ತಿರುವ ಈ ಕಾಲದಲ್ಲಿ ಅಂಥ ಬರಿಯ ಚಳಿಗಾಲಗಳು ಮತ್ತೆ ಬರಬಹುದೆಂಬ ಅಂಜಿಕೆ ಅಲ್ಲಿಯ ಪ್ರತಿಯೊಬ್ಬ ರೈತನ ಮಾತಿನಲ್ಲಿಯೂ ನಮಗೆ ಕೇಳಿಸಿತು.

ಹಿಮದ ಊರಿನ ಬಾಳು ಸುಲಭವೆಂದು ನಾವು ಹೇಳಲಾರೆವು. ಸೂರಿನ ಭಾರವನ್ನು ಕೆಡಹಬೇಕು, ರೋಗಿಯನ್ನು ಹೊತ್ತು ನಡೆಯಬೇಕು, ಬಡವನಿಗೆ ಇದ್ದಲೂ ತುಟ್ಟಿ. ಆದರೂ ಆ ಜನ ಹಿಮ ಬಂದರೆ ನಗುತ್ತಾರೆ, ಬಾರದಿದ್ದರೆ ಕಳವಳಗೊಳ್ಳುತ್ತಾರೆ. ಅದು ಅವರಿಗೆ ಹೊಲದ ಹೊದಿಕೆ, ಬೇಸಗೆಯ ನೀರಿನ ಕಣಜ. ಮಹಾಕವಿಯು ಹಿಮವಂತನನ್ನು ರತ್ನಗಳ ಆಕರವೆಂದು ಹೊಗಳಿ ಹಿಮವನ್ನು ದೋಷದ ಲೆಕ್ಕಕ್ಕೆ ಹಾಕಿದನು. ಪಾಂಪೂರಿನ ರೈತನನ್ನು ಕೇಳಿದರೆ, ರತ್ನಗಳಿಲ್ಲದೆ ಬದುಕಬಹುದು, ಆ ಒಂದು ದೋಷವಿಲ್ಲದೆ ಬದುಕಲಾಗದು ಎಂದಾನು. ನಮ್ಮ ತೀರ್ಪೂ ಆ ರೈತನ ಕಡೆಗೇ.