ಬಚ್ಚಲುಮನೆಯ ಜೀರ್ಣೋದ್ಧಾರ



ಹಳೆಯ ಮನೆಗಳ ಸೊಬಗನ್ನು ಕೊಂಡಾಡುವ ರಸಿಕರು ನಮ್ಮಲ್ಲಿ ಅನೇಕರುಂಟು. ಆದರೆ ಅವರ ಪ್ರಶಂಸೆಯೆಲ್ಲವೂ ಮುಂಬಾಗಿಲಿನ ಕೆತ್ತನೆ, ತೊಟ್ಟಿಯ ಕಂಬಗಳು, ಜಗಲಿಯ ತಂಪು ಇವುಗಳಲ್ಲಿಯೇ ವ್ಯಯವಾಗಿ, ಹಿತ್ತಿಲ ಕಡೆಯ ಮಸಿ ಹಿಡಿದ ಆ ಕತ್ತಲೆಕೋಣೆಯವರೆಗೆ ಬರುವಷ್ಟರಲ್ಲಿ ಬತ್ತಿಹೋಗಿರುತ್ತದೆ. ಮನೆಯನ್ನು ಜೀರ್ಣೋದ್ಧಾರ ಮಾಡಿಸಿದೆವೆಂದು ಹೆಮ್ಮೆಯಿಂದ ಕರೆದು ತೋರಿಸುವವರು ಕೂಡ ಬಚ್ಚಲಿನ ಬಾಗಿಲನ್ನು ಮೆಲ್ಲನೆ ಮುಂದಕ್ಕೆಳೆದುಬಿಡುತ್ತಾರೆ. ಆ ಬಾಗಿಲನ್ನು ತೆರೆಯುವುದೇ ನನ್ನ ಈ ಹೊತ್ತಿನ ಉದ್ದೇಶ.

ಸ್ನಾನಗೃಹವು ನಮ್ಮ ಉಪಖಂಡದಲ್ಲಿ ಬಹು ಪ್ರಾಚೀನವಾದುದು. ಸಿಂಧೂ ತೀರದ ಮೊಹೆಂಜೊದಾರೋ ನಗರದಲ್ಲಿ, ನಾಲ್ಕು ಸಾವಿರ ವರ್ಷಗಳಿಗೂ ಹಿಂದೆಯೇ, ಗೃಹಸ್ಥರು ಸುಟ್ಟ ಇಟ್ಟಿಗೆಯ ನೆಲವನ್ನು ಇಳಿಜಾರಾಗಿ ಹಾಸಿ, ಮಿಂದ ನೀರು ಬೀದಿಯ ಚರಂಡಿಗೆ ತಾನಾಗಿ ಹರಿದುಹೋಗುವಂತೆ ಮಾಡಿಕೊಂಡಿದ್ದರು. ಈಗ ಹೊಸದಾಗಿ ಕಟ್ಟಿದ ಎಷ್ಟೋ ಬಚ್ಚಲುಗಳಲ್ಲಿ ನೀರು ಮೂಲೆಯಲ್ಲಿ ಮಡುಗಟ್ಟಿ ನಿಲ್ಲುವುದನ್ನು ಕಂಡಾಗ, ಆ ಅಜ್ಞಾತ ಇಟ್ಟಿಗೆಗಾರನಿಗೆ ಮನಸ್ಸಿನಲ್ಲಿಯೇ ಕೈಮುಗಿಯುತ್ತೇನೆ.

ಆದರೆ ಸ್ನಾನವನ್ನು ಶಾಸ್ತ್ರದ ಪದವಿಗೇರಿಸಿದ ಮಹಾನುಭಾವನು ನಮ್ಮ ಕನ್ನಡನಾಡಿನವನೇ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು 1126ರಲ್ಲಿ ಕಲ್ಯಾಣದ ಸಿಂಹಾಸನವನ್ನೇರಿದನು. ತಂದೆ ಬಿಟ್ಟುಹೋದ ಸಾಮ್ರಾಜ್ಯ ವಿಶಾಲವಾದದ್ದು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನನು ತಲೆಯೆತ್ತಿ ನಿಂತಿದ್ದನು. ಇಂತಹ ಸಮಯದಲ್ಲಿ ದಂಡನ್ನು ಕಟ್ಟಿಕೊಂಡು ತಿರುಗಬೇಕಾಗಿದ್ದ ದೊರೆಯು ಕುಳಿತು ‘ಮಾನಸೋಲ್ಲಾಸ’ವೆಂಬ ನೂರು ಅಧ್ಯಾಯಗಳ ಸಂಸ್ಕೃತ ಗ್ರಂಥವನ್ನು ರಚಿಸಿದನು. ಆನೆ, ರತ್ನ, ಅಡಿಗೆ, ಮೀನುಗಾರಿಕೆ, ಸಂಗೀತ, ಒಂದನ್ನೂ ಅವನು ಬಿಟ್ಟಿಲ್ಲ. ರಾಜನು ಅನುಭವಿಸತಕ್ಕ ಇಪ್ಪತ್ತು ಉಪಭೋಗಗಳನ್ನು ವಿವರಿಸುವ ಭಾಗದಲ್ಲಿ, ಮನೆಯ ವಿಚಾರವು ಮುಗಿದೊಡನೆಯೇ ಸ್ನಾನಭೋಗವು ಬರುತ್ತದೆ. ಅನ್ನಪಾನಗಳು ಎಷ್ಟೋ ಹಿಂದೆ ಬಿದ್ದಿವೆ. ಸುಗಂಧತೈಲದ ಅಭ್ಯಂಗ, ಅಂಗಮರ್ದನ, ಜಿಡ್ಡನ್ನು ತೆಗೆಯುವ ಲೇಪ, ಅನಂತರ ನೀರು: ಈ ಕ್ರಮವನ್ನು ಓದುವಾಗ ನಮ್ಮ ಅಜ್ಜಿಯರು ಹಬ್ಬದ ದಿನ ಮಕ್ಕಳನ್ನು ಹಿಡಿದು ಕೂರಿಸಿ ಎಣ್ಣೆಯೊತ್ತುತ್ತಿದ್ದುದೇ ಕಣ್ಣಿಗೆ ಕಟ್ಟುತ್ತದೆ. ರಾಜ್ಯದ ಅಂಚುಗಳು ಸಡಿಲವಾದದ್ದಕ್ಕೆ ಚರಿತ್ರಕಾರರು ಅವನನ್ನು ಆಕ್ಷೇಪಿಸುವುದಾದರೆ ಆಕ್ಷೇಪಿಸಲಿ. ಸ್ನಾನಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ ದೊರೆಯನ್ನು ನಾನಂತೂ ದೂರಲಾರೆ.

ಮುಂದಿನ ಶತಮಾನಗಳನ್ನು ಬೇಗನೆ ದಾಟಿಬಿಡೋಣ. ಹಂಪೆಯಲ್ಲಿ ರಾಣಿಯ ಸ್ನಾನಗೃಹವೆಂದು ತೋರಿಸುವ ಕಟ್ಟಡವು ಸುಂದರವಾದದ್ದೇನೋ ನಿಜ. ಆದರೆ ಅದು ಜಲಕ್ರೀಡೆಯ ಕೊಳವೇ ಹೊರತು ಎಣ್ಣೆಯಿಳಿಸುವ ಬಚ್ಚಲಲ್ಲ.

ನಾನು ಬಚ್ಚಲೆಂದು ಕರೆಯುವುದು, ಮಣ್ಣಿನ ಒಲೆಯಲ್ಲಿ ಕತ್ತಿನವರೆಗೆ ಹುದುಗಿರುವ ತಾಮ್ರದ ಹಂಡೆಯುಳ್ಳ ಕೋಣೆಯನ್ನು. ಒಲೆಗೆ ಕರಟ, ತೆಂಗಿನ ಗರಿ, ಮಲೆನಾಡಿನಲ್ಲಾದರೆ ಅಡಿಕೆಯ ಸಿಪ್ಪೆ, ಹೀಗೆ ತೋಟವು ಬೇಡವೆಂದು ಬಿಸುಟದ್ದೆಲ್ಲವೂ ಆಹುತಿ. ಒಲೆಯ ಬೂದಿ ಪಾತ್ರೆ ತಿಕ್ಕುವುದಕ್ಕೆ. ಮಿಂದ ನೀರು ಹಿತ್ತಿಲ ಬಾಳೆಯ ಬುಡಕ್ಕೆ. ದೀಪಾವಳಿಯ ತ್ರಯೋದಶಿಯ ಸಂಜೆ, ನೀರು ತುಂಬುವ ಹಬ್ಬದಲ್ಲಿ, ಹುಣಸೆಹಣ್ಣಿನಿಂದ ಬೆಳಗಿದ ಹಂಡೆಗೆ ಸುಣ್ಣ ಕೆಮ್ಮಣ್ಣುಗಳ ರೇಖೆಯನ್ನೆಳೆದು, ಹಿಂಡಲೆಕಾಯಿಯ ಬಳ್ಳಿಯನ್ನು ಸುತ್ತಿದಾಗ, ಆ ಮಸಿಕೋಣೆಗೆ ದೇವರಮನೆಯ ಕಳೆ ಬರುತ್ತಿತ್ತು.

ಬೆಂಗಳೂರಿಗೆ 1896ರಲ್ಲಿ ಹೆಸರುಘಟ್ಟದ ನೀರು ಕೊಳವೆಯಲ್ಲಿ ಬಂದಿತು. 1905ರಲ್ಲಿ ವಿದ್ಯುದ್ದೀಪಗಳು ಬಂದವು. ಮೈಸೂರು ಸಂಸ್ಥಾನದ ಗಂಧದ ಸಾಬೂನು ಬಂದು ಸೀಗೆಪುಡಿಯ ಡಬ್ಬಿಯನ್ನು ಗೂಡಿನ ಹಿಂಬದಿಗೆ ತಳ್ಳಿತು. ಕಡೆಗೆ ಗೀಸರು ಗೋಡೆಯನ್ನೇರಿತು. ಇವು ಯಾವುವೂ ಕೆಟ್ಟವಲ್ಲ. ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಒಲೆಯೂದಿದವರು ಹೆಂಗಸರೇ ಆದುದರಿಂದ, ಅವರು ಗೀಸರನ್ನು ಸ್ವಾಗತಿಸಿದ್ದರಲ್ಲಿ ಆಶ್ಚರ್ಯವೇನು!

ಆದರೆ ಒಲೆಯು ಆರಿದೊಡನೆ ಕೋಣೆಗೆ ಒಂದು ವ್ಯಾಧಿ ತಗುಲಿತೆಂಬುದನ್ನು ಯಾರೂ ಗಮನಿಸಲಿಲ್ಲ. ದಿನವೂ ಉರಿಯುತ್ತಿದ್ದ ಆ ಬೆಂಕಿಯು ನೀರನ್ನು ಕಾಯಿಸುವುದರ ಜೊತೆಗೆ, ಒದ್ದೆಯಾದ ಗೋಡೆಯನ್ನು ಒಣಗಿಸುತ್ತಿತ್ತು. ಮಾಡಿನ ತೊಲೆಗಳನ್ನು ಹೊಗೆಯಾಡಿಸಿ ಹುಳುಗಳಿಂದ ಕಾಪಾಡುತ್ತಿತ್ತು. ಅದಿಲ್ಲದೆ ಗೋಡೆ ತೇವ ಹಿಡಿಯಿತು. ತೇವವನ್ನು ಕಂಡು ಹೆದರಿದ ಯಜಮಾನನು ಸಿಮೆಂಟನ್ನು ಮೆತ್ತಿಸಿದನು. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬ ಇಟ್ಟಿಗೆ ಕೆಲಸದವನು 1824ರಲ್ಲಿ ಹಕ್ಕುಪತ್ರ ಪಡೆದ ಆ ಪೋರ್ಟ್‌ಲೆಂಡ್ ಸಿಮೆಂಟು ಸೇತುವೆಗೆ ಒಳ್ಳೆಯದು, ಅಣೆಕಟ್ಟಿಗೆ ಒಳ್ಳೆಯದು. ಸುಣ್ಣದಲ್ಲಿ ಕಟ್ಟಿದ ಹಳೆಯ ಗೋಡೆಗೆ ಮಾತ್ರ ಅದು ಬೇಸಗೆಯಲ್ಲಿ ಹೊದಿಸಿದ ಕಂಬಳಿ. ಒಳಗಿನ ತೇವ ಹೊರಕ್ಕೆ ಬರಲಾರದೆ ಇಟ್ಟಿಗೆಯನ್ನೇ ತಿನ್ನುತ್ತದೆ, ಗೋಡೆಯ ಮೈಮೇಲೆ ಉಪ್ಪು ಏಳುತ್ತದೆ, ಕೆಲವು ವರ್ಷಗಳಲ್ಲಿ ಗಿಲಾವು ಹಪ್ಪಳವಾಗಿ ಉದುರುತ್ತದೆ. ಆಗ ಯಜಮಾನನು ಮತ್ತಷ್ಟು ಸಿಮೆಂಟನ್ನು ತರಿಸುತ್ತಾನೆ.

ಆದುದರಿಂದ ಹಳೆಯ ಬಚ್ಚಲನ್ನು ಸರಿಪಡಿಸುವವರು ಮೊದಲು ಮಾಡತಕ್ಕದ್ದು ಆ ಸಿಮೆಂಟನ್ನು ಕೆತ್ತಿ ತೆಗೆಯುವುದು, ಕಡೆಗೆ ಮಾಡತಕ್ಕದ್ದು ಒಲೆಯನ್ನು ಹಚ್ಚುವುದು. ನಿತ್ಯವೂ ಆಗದಿದ್ದರೆ ವಾರಕ್ಕೊಮ್ಮೆಯಾದರೂ, ಎಣ್ಣೆಸ್ನಾನದ ನೆಪದಿಂದ. ಹೊಗೆ ಹೋಗುವುದಕ್ಕೆ ಕೊಳವೆಯೊಂದನ್ನು ಇಡಿಸಿದರೆ ಪರಂಪರೆಗೆ ಅಪಚಾರವೇನೂ ಆಗದು. ಗೋಡೆಗೂ ನೆಲಕ್ಕೂ ಗಾರೆಯೇ ಬೇಕು: ಅರಳಿಸಿ ನೀರಿನಲ್ಲಿ ಕೊಳೆಹಾಕಿದ ಸುಣ್ಣ, ಮರಳು, ಇಟ್ಟಿಗೆಯ ಪುಡಿ, ಅಳಲೆಕಾಯಿ ಬೆಲ್ಲಗಳನ್ನು ನೆನೆಹಾಕಿದ ನೀರು. ಹಿಂದೆ ಎತ್ತು ಕಟ್ಟಿ ಕಲ್ಲಿನ ಗಾಲಿಯಿಂದ ಇದನ್ನು ಅರೆಯುತ್ತಿದ್ದರು. ಗಾರೆಯು ಗಾಳಿಯನ್ನು ಕುಡಿದು ಬಲಿಯತಕ್ಕದ್ದು; ಆತುರಗಾರರಿಗೆ ಒಗ್ಗುವಂಥದಲ್ಲ. ದೀಪಾವಳಿ ಕಳೆದೊಡನೆ ಕೆಲಸ ಹಿಡಿದರೆ ಮುಂಗಾರಿನ ವೇಳೆಗೆ ಗಟ್ಟಿಯಾಗುತ್ತದೆ.

ಹಂಡೆಯ ತಳ ಸವೆದಿದ್ದರೆ ತಾಮ್ರದ ಕೆಲಸದವರಿಂದ ಹೊಸ ತಳವನ್ನು ಹಾಕಿಸಬಹುದು, ತೂಕಕ್ಕೆ ಮಾರಿಬಿಡಬೇಡಿರಿ. ಮಾರಿದ ಹಂಡೆಗಳು ಹೋಟೆಲುಗಳ ಮುಂಬದಿಯಲ್ಲಿ ಕಾಗದದ ಹೂಗಳನ್ನು ಹೊತ್ತು ನಿಂತಿರುವುದನ್ನು ನೋಡಿ ನನಗೆ ಸಾಕಾಗಿದೆ. ಗಾರೆಯ ಕೆಲಸ ಬಲ್ಲವರು ಎಲ್ಲಿ ಸಿಕ್ಕಾರೆಂದು ಕೇಳುವಿರಾ? ಹಳೆಯ ದೇವಾಲಯಗಳ ಜೀರ್ಣೋದ್ಧಾರ ನಡೆಯುತ್ತಿರುವ ಕಡೆ ಹೋಗಿ ವಿಚಾರಿಸಿರಿ. ಅಲ್ಲಿಯ ಮುದುಕರಲ್ಲೊಬ್ಬರಿಗೆ ಗೊತ್ತಿರುತ್ತದೆ. ಬಚ್ಚಲಿಗೆಂದು ಹೇಳಿದರೆ ಅವರು ಮೊದಲು ನಕ್ಕಾರು. ನಗಲಿ, ಕೂಲಿಯನ್ನು ಮಾತ್ರ ದೇವಸ್ಥಾನದವರು ಕೊಡುವಷ್ಟೇ ಕೊಡಿರಿ.